ಮನೆಯ ಜಾಲಕ್ಕೊಂದು ನಕ್ಷೆ: ಯಾವ ತಂತ್ರಾಂಶ ಆಯ್ದುಕೊಳ್ಳಬೇಕು?

ಕಳೆದ ವರ್ಷ ಬೇಸಿಗೆಯಲ್ಲಿ ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ನಾನು ಪರಸ್ಥಳಕ್ಕೆ ಹೋಗಿದ್ದೆ. ರಾತ್ರಿ ಎಂಟರ ಸುಮಾರಿಗೆ ಮನೆಯಿಂದ ಫೋನ್ ಬಂತು. ಅಂತರಜಾಲ ಸಂಪರ್ಕ ಕೆಟ್ಟಿದೆ; ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಮಗಳಿಗೆ ಉದ್ಯೋಗದ ಆನ್‌ಲೈನ್ ಸಂದರ್ಶನವಿದೆ. ವಿಚಿತ್ರವೆಂದರೆ ಸಂಪರ್ಕ ಪೂರ್ತಿಯಾಗಿ ಕೆಟ್ಟಿರಲಿಲ್ಲ. ನನ್ನ ಪತ್ನಿಯ ಮೊಬೈಲ್‌ನಲ್ಲಿ ಎಲ್ಲವೂ ಸರಿಯಾಗಿತ್ತು, ಮಗಳ ಲ್ಯಾಪ್‌ಟಾಪ್‌ನಲ್ಲಿ ಏನೂ ಬರುತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅದೇ ತಿರುವುಮುರುವಾಯಿತು.

“ಅಟ್ಟದ ಮೇಲೆ ಸಣ್ಣ ಸ್ವಿಚ್ ಡಬ್ಬಿ ಇದೆಯಲ್ಲ, ಅದರಿಂದ ಮಹಡಿಗೆ ಹೋಗುವ ವೈರು ಕಿತ್ತು ನೋಡು” ಎಂದೆ.

“ಎಲ್ಲಾ ವೈರೂ ಒಂದೇ ಥರ ಬೂದು ಬಣ್ಣ ಇದೆ ರೀ. ಯಾವುದು ಅಂತ ಕೀಳಲಿ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಕೇಬಲ್‌ಗಳನ್ನು ಎಳೆಸಿದವನು ನಾನೇ. ಎಳೆಸಿದ ದಿನ ಯಾವುದು ಎಲ್ಲಿಗೆ ಎಂಬುದು ಬಾಯಿಪಾಠವಾಗಿತ್ತು; ಆರು ವರ್ಷದ ನಂತರ ಮರೆತಿತ್ತು. ಒಂದೊಂದಾಗಿ ಕಿತ್ತೂ ನೋಡಿದರು. ದೋಷ ತಾನಾಗಿ ಬಂದು ಹೋಗುವಂಥದ್ದಾದ್ದರಿಂದ ಯಾವುದನ್ನು ಕಿತ್ತಾಗ ಸರಿಹೋಯಿತೆಂದು ಹೇಳಲಾಗಲಿಲ್ಲ. ಮಗಳು ಬೆಳಗ್ಗೆ ಪಕ್ಕದ ಮನೆಯಲ್ಲಿ ಕುಳಿತು ಸಂದರ್ಶನ ಮುಗಿಸಿದಳು.

ಊರಿಗೆ ಮರಳಿದ ಮೇಲೆ ಕಾರಣ ತಿಳಿಯಿತು. ಮಹಡಿಯಲ್ಲಿ ವೈ-ಫೈ ಹರಡಲೆಂದು ಒಂದು ಹಳೆಯ ರೌಟರ್ ಇಟ್ಟಿದ್ದೆ. ರಜೆಗೆ ಬಂದಿದ್ದ ಮಗನಿಗೆ ಅದರ ಸಂಕೇತಪದ ಬೇಕಾಗಿತ್ತು, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅವನು ಹಿಂಬದಿಯ ರಂಧ್ರಕ್ಕೆ ಪಿನ್ನು ಚುಚ್ಚಿ ಅದನ್ನು ಕಾರ್ಖಾನೆಯ ಮೂಲ ಸ್ಥಿತಿಗೆ ತಂದಿದ್ದ. ಮೂಲ ಸ್ಥಿತಿಯಲ್ಲಿ ಆ ರೌಟರ್ ತಾನೇ ಎಲ್ಲರಿಗೂ ಐಪಿ ವಿಳಾಸ ಹಂಚತೊಡಗುತ್ತದೆ. ಅದರ ಸ್ವಂತ ವಿಳಾಸ 192.168.1.1, ಕೆಳಗಿನ ಮುಖ್ಯ ರೌಟರ್‌ನ ವಿಳಾಸವೂ ಅದೇ. ಹೀಗೆ ಒಂದೇ ಊರಿನಲ್ಲಿ ಒಂದೇ ವಿಳಾಸದ ಎರಡು ಅಂಚೆ ಕಚೇರಿಗಳಾದವು. ಯಾವ ಸಾಧನಕ್ಕೆ ಯಾವುದು ಮೊದಲು ಉತ್ತರಿಸಿತೋ ಅದರ ಪಾಲಿಗೆ ಅದೇ ಹೊರದಾರಿ. ಮಹಡಿಯ ರೌಟರ್‌ಗೆ ಹೊರಗಿನ ಸಂಪರ್ಕವೇ ಇಲ್ಲದ್ದರಿಂದ ಅದನ್ನು ನಂಬಿದವರಿಗೆ ಏನೂ ಸಿಗುತ್ತಿರಲಿಲ್ಲ. ಮೊದಲೇ ಪಡೆದ ವಿಳಾಸದ ಅವಧಿ ಮುಗಿಯುವವರೆಗೆ ಕೆಲವು ಸಾಧನಗಳು ಸರಿಯಾಗಿಯೇ ನಡೆದವು. ಆದುದರಿಂದ ಕಾರಣ ನಡೆದದ್ದು ಒಂದು ದಿನ, ಪರಿಣಾಮ ಕಂಡದ್ದು ಮರುದಿನ.

ಇಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಇಲ್ಲದಿದ್ದುದು ದಾಖಲೆ. ಆ ಮಳೆಗಾಲವೆಲ್ಲ ಮನೆಯ ಜಾಲದ ನಕ್ಷೆ ಬರೆಯಲು ಯಾವ ತಂತ್ರಾಂಶ ಯೋಗ್ಯವೆಂದು ಪರೀಕ್ಷಿಸುತ್ತ ಕಳೆದೆ. ಶಾಲೆ ಕಾಲೇಜುಗಳ ಗಣಕ ಪ್ರಯೋಗಾಲಯ ನೋಡಿಕೊಳ್ಳುವ ಶಿಕ್ಷಕ ಮಿತ್ರರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಅವರಿಗೆ ಪ್ರಯೋಜನವಾದೀತೆಂದು ನನ್ನ ತೀರ್ಮಾನಗಳನ್ನು ಕಾರಣ ಸಹಿತ ಇಲ್ಲಿ ಇಡುತ್ತಿದ್ದೇನೆ.

ನಕ್ಷೆ ಒಂದಲ್ಲ, ಎರಡು

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ವಿದ್ಯುನ್ಮಂಡಲದ ಚಿತ್ರ ಬರೆಯುತ್ತಾನೆ. ಅನಂತರ ಮೇಜಿನ ಮೇಲೆ ತಂತಿ ಜೋಡಿಸುತ್ತಾನೆ. ಚಿತ್ರದಲ್ಲಿ ನೇರವಾಗಿರುವ ಗೆರೆ ಮೇಜಿನ ಮೇಲೆ ಸುರುಳಿ ಸುತ್ತಿರಬಹುದು. ಯಾವುದು ಯಾವುದಕ್ಕೆ ಸೇರಿದೆ ಎಂಬುದಷ್ಟೇ ಚಿತ್ರಕ್ಕೆ ಮುಖ್ಯ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಕುರಿತ 1736ರ ಪ್ರಬಂಧದಲ್ಲಿ ಆಯ್ಲರ್ ಕಂಡದ್ದು ಇದನ್ನೇ: ಉದ್ದ, ಆಕಾರಗಳನ್ನು ಬಿಟ್ಟು ಜೋಡಣೆಯನ್ನಷ್ಟೇ ಉಳಿಸಿಕೊಂಡರೂ ಪ್ರಶ್ನೆಗೆ ಉತ್ತರ ಸಿಗುತ್ತದೆ. 1933ರಲ್ಲಿ ಪ್ರಕಟವಾದ ಹ್ಯಾರಿ ಬೆಕ್ ಅವರ ಲಂಡನ್ ಸುರಂಗ ರೈಲಿನ ನಕ್ಷೆಯೂ ಇದೇ ಜಾತಿಯದು. ಅದರಲ್ಲಿ ನಿಲ್ದಾಣಗಳ ನಡುವಿನ ದೂರ ನಿಜವಲ್ಲ, ಕ್ರಮ ನಿಜ.

ಗಣಕ ಜಾಲಕ್ಕೂ ಹೀಗೆ ಎರಡು ನಕ್ಷೆಗಳಿವೆ. ಮೊದಲನೆಯದು ಭೌತಿಕ ನಕ್ಷೆ. ಯಾವ ಕೋಣೆಯ ಯಾವ ಪೆಟ್ಟಿಗೆಯ ಎಷ್ಟನೆಯ ಪೋರ್ಟಿನಿಂದ ಹೊರಟ ಕೇಬಲ್ ಎಲ್ಲಿ ಮುಗಿಯುತ್ತದೆ ಎಂಬುದು ಅದರ ವಿಷಯ. ಎರಡನೆಯದು ತಾರ್ಕಿಕ ನಕ್ಷೆ. ಯಾರ ವಿಳಾಸ ಏನು, ವಿಳಾಸ ಹಂಚುವವರು ಯಾರು, ಹೊರದಾರಿ ಯಾವುದು ಎಂಬುದನ್ನು ಅದು ಹೇಳುತ್ತದೆ. ನಮ್ಮ ಮನೆಯ ದೋಷ ತಾರ್ಕಿಕ ನಕ್ಷೆಯದು. ಅದನ್ನು ನಿಲ್ಲಿಸಲು ಬೇಕಾಗಿದ್ದ ಉಪಾಯ, ಎಂದರೆ ಕೀಳಬೇಕಾದ ಕೇಬಲ್, ಭೌತಿಕ ನಕ್ಷೆಯದು. ಒಂದು ಇನ್ನೊಂದರ ಕೆಲಸ ಮಾಡಲಾರದು.

ಇದಕ್ಕಿಂತ ಮುಖ್ಯವಾದ ಮತ್ತೊಂದು ಭೇದವಿದೆ. ಅಳತೆ ಮಾಡಿ ಕಂಡದ್ದು ಒಂದು, ಇರಬೇಕೆಂದು ನಿರ್ಧರಿಸಿದ್ದು ಇನ್ನೊಂದು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಇವೆರಡನ್ನೂ ಒಂದೇ ಅಂಕಣದಲ್ಲಿ ಬರೆಯುವ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಮಾರುಕಟ್ಟೆಯಲ್ಲಿರುವ ಅನೇಕ ತಂತ್ರಾಂಶಗಳು ಮಾಡುವ ತಪ್ಪೂ ಇದೇ.

ಒರೆಗಲ್ಲು

ತಂತ್ರಾಂಶಗಳನ್ನು ಅವುಗಳ ಸೌಲಭ್ಯಗಳ ಪಟ್ಟಿಯಿಂದ ಅಳೆಯಹೊರಟರೆ ಪಟ್ಟಿ ಉದ್ದವಿದ್ದದ್ದೇ ಗೆಲ್ಲುತ್ತದೆ. ಆದ್ದರಿಂದ ನಾನು ನಾಲ್ಕು ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡೆ.

1. ಇದು ಕಂಡದ್ದನ್ನು ಹೇಳುತ್ತಿದೆಯೋ, ಇರಬೇಕಾದದ್ದನ್ನು ಹೇಳುತ್ತಿದೆಯೋ? ನೋಡುವವರಿಗೆ ಆ ಭೇದ ತಿಳಿಯುತ್ತದೆಯೇ?
2. ಜಾಲವೇ ಕೆಟ್ಟಾಗ ಈ ನಕ್ಷೆಯನ್ನು ತೆರೆಯಬಹುದೇ?
3. ಹತ್ತು ವರ್ಷದ ನಂತರ ಈ ಕಡತವನ್ನು ಓದಬಹುದೇ?
4. ನಕ್ಷೆ ಬರೆದವರಲ್ಲದೆ ಬೇರೆಯವರು ಇದನ್ನು ಬಳಸಬಲ್ಲರೇ?

ಇವುಗಳಲ್ಲಿ ನಾಲ್ಕನೆಯದು ಕೊನೆಯಲ್ಲಿದ್ದರೂ ಮೊದಲಿನದೆಂದು ತಿಳಿಯಬೇಕು.

ಹುಡುಕುವ ತಂತ್ರಾಂಶಗಳು

ಮೊದಲ ಗುಂಪು ಜಾಲವನ್ನು ಶೋಧಿಸಿ ಪಟ್ಟಿ ಕೊಡುವಂಥವು. ಇವುಗಳಲ್ಲಿ ಹಿರಿಯದು ಎನ್‌ಮ್ಯಾಪ್. ಫಿಯೋಡರ್ ಎಂಬ ಅಂಕಿತದಿಂದ ಹೆಸರಾದ ಗಾರ್ಡನ್ ಲಯನ್ 1997ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಈಗಲೂ ಉಚಿತವಾಗಿ ದೊರೆಯುತ್ತದೆ, ಬೆಳೆಯುತ್ತಲೂ ಇದೆ. ಮೊಬೈಲ್‌ನಲ್ಲಿ ಸಿಗುವ ಹಲವು ಜಾಲಶೋಧಕ ಆಪ್‌ಗಳು ಇದರ ಕೆಲಸದ ಒಂದಂಶವನ್ನು ಅಂದವಾದ ಪರದೆಯ ಮೇಲೆ ತೋರಿಸುತ್ತವೆ.

ಇದರ ಕೆಲಸದ ತತ್ತ್ವ ಸರಳ. ಮನೆಯ ಜಾಲ ಸಾಮಾನ್ಯವಾಗಿ 256 ವಿಳಾಸಗಳದು. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಸಾಧನಗಳಿಗೆ 254 ಉಳಿಯುತ್ತವೆ. ಎನ್‌ಮ್ಯಾಪ್ ಪ್ರತಿ ವಿಳಾಸಕ್ಕೂ ‘ಇದು ಯಾರದು?’ ಎಂದು ಜಾಲದಲ್ಲೆಲ್ಲ ಕೂಗುತ್ತದೆ. ಆ ವಿಳಾಸದ ಸಾಧನ ‘ನನ್ನದು’ ಎಂದು ತನ್ನ ಮ್ಯಾಕ್ ವಿಳಾಸದೊಂದಿಗೆ ಉತ್ತರಿಸುತ್ತದೆ. 1982ರಲ್ಲಿ ರೂಪುಗೊಂಡ ಎಆರ್‌ಪಿ ಎಂಬ ನಿಯಮಾವಳಿ ಇದು. ಸಾಧನದಲ್ಲಿ ರಕ್ಷಣಾ ತಂತ್ರಾಂಶವಿದ್ದರೂ ಈ ಕೂಗಿಗೆ ಉತ್ತರಿಸಲೇಬೇಕು. ಉತ್ತರಿಸದಿದ್ದರೆ ಅದು ಜಾಲದಲ್ಲಿ ಯಾರೊಂದಿಗೂ ವ್ಯವಹರಿಸಲಾಗದು. ಮ್ಯಾಕ್ ವಿಳಾಸ 48 ಬಿಟ್‌ಗಳದು. ಮೊದಲ 24 ಬಿಟ್‌ಗಳನ್ನು ಐಇಇಇ ಸಂಸ್ಥೆ ತಯಾರಕರಿಗೆ ಹಂಚಿರುತ್ತದೆ. ಆದ್ದರಿಂದ ಉತ್ತರ ಕೊಟ್ಟದ್ದು ಯಾವ ಕಂಪನಿಯ ಸಾಧನವೆಂದು ಸಾಮಾನ್ಯವಾಗಿ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಹನ್ನೊಂದು ಸಾಧನಗಳಿವೆ ಎಂದು ನಾನು ಭಾವಿಸಿದ್ದೆ. ಎನ್‌ಮ್ಯಾಪ್ ಕೆಲವೇ ಕ್ಷಣಗಳಲ್ಲಿ ಹದಿನೇಳು ತೋರಿಸಿತು. ಟಿ.ವಿ., ಮುದ್ರಕ, ಚಾವಣಿಯ ಸೌರಫಲಕದ ಇನ್ವರ್ಟರ್ ಇವೆಲ್ಲ ಜಾಲದಲ್ಲಿರುವುದು ನನಗೆ ಮರೆತೇ ಹೋಗಿತ್ತು. ಈ ಒಂದು ಉಪಕಾರಕ್ಕಾಗಿಯೇ ಅದನ್ನು ಪ್ರತಿಯೊಬ್ಬರೂ ಒಮ್ಮೆ ಬಳಸಿ ನೋಡಬೇಕು.

ಆದರೆ ಅದು ಕಾಣದ್ದೇನು? ಮೊದಲನೆಯದಾಗಿ, ಅಟ್ಟದ ಮೇಲಿನ ಸ್ವಿಚ್. ಅಗ್ಗದ ಸ್ವಿಚ್‌ಗೆ ತನ್ನದೇ ಐಪಿ ವಿಳಾಸವಿಲ್ಲ. ಅದು ಗಾಜಿನ ಹಾಗೆ. ಅದರ ಮೂಲಕ ನೋಡಬಹುದು, ಅದನ್ನು ನೋಡಲಾಗದು. ತನ್ನ ಇರವನ್ನು ನೆರೆಯವರಿಗೆ ಸಾರುವ ಎಲ್‌ಎಲ್‌ಡಿಪಿ ಎಂಬ ಪದ್ಧತಿ 2005ರಲ್ಲಿ ಐಇಇಇ ಮಾನಕವಾಗಿ ಬಂದಿದೆ. ಆದರೆ ಅದು ಸಾಮಾನ್ಯವಾಗಿ ಬೆಲೆಬಾಳುವ ಸ್ವಿಚ್‌ಗಳಲ್ಲಿರುತ್ತದೆ, ಮನೆಯ ಐದು ಪೋರ್ಟಿನ ಡಬ್ಬಿಯಲ್ಲಿ ಇರುವುದಿಲ್ಲ. ಎನ್‌ಮ್ಯಾಪ್‌ನ ಜೊತೆಗಾರ ಜೆನ್‌ಮ್ಯಾಪ್ ಜಾಲದ ಚಿತ್ರವನ್ನೂ ಬಿಡಿಸುತ್ತದೆ. ನಡುವೆ ನಮ್ಮ ಗಣಕ, ಸುತ್ತ ಉಂಗುರದಂತೆ ಇತರ ಸಾಧನಗಳು. ಎಷ್ಟು ರೌಟರ್‌ಗಳನ್ನು ದಾಟಬೇಕು ಎಂಬುದೇ ಅದರ ದೂರದ ಅಳತೆಯಾದ್ದರಿಂದ ಮನೆಯೊಳಗಿನದೆಲ್ಲ ಒಂದೇ ಉಂಗುರದಲ್ಲಿ ಬೀಳುತ್ತದೆ. ಚಿತ್ರ ಸುಂದರ, ಆದರೆ ನನ್ನ ಮನೆಯದಲ್ಲ.

ಎರಡನೆಯದಾಗಿ, ಮಲಗಿರುವ ಮೊಬೈಲ್ ಮತ್ತು ಆರಿಸಿದ ಮುದ್ರಕ ಉತ್ತರಿಸುವುದಿಲ್ಲ. ಬೆಳಗ್ಗೆ ಹದಿನೇಳು ಕಂಡದ್ದು ಮಧ್ಯಾಹ್ನ ಹತ್ತಾಗಿತ್ತು. ಮೂರನೆಯದಾಗಿ, ಈಗಿನ ಮೊಬೈಲ್‌ಗಳು ಖಾಸಗಿತನದ ದೃಷ್ಟಿಯಿಂದ ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಚಿ ಯಾದೃಚ್ಛಿಕವಾದ ಒಂದನ್ನು ಕೊಡುತ್ತವೆ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಆವೃತ್ತಿಗಳಿಂದ ಇದು ರೂಢಿಗೆ ಬಂತು. ಅಂಥವುಗಳ ತಯಾರಕರ ಹೆಸರು ಪಟ್ಟಿಯಲ್ಲಿ ಬರುವುದಿಲ್ಲ. ಹದಿನಾರರ ಮೂಲದಲ್ಲಿ ಬರೆದ ವಿಳಾಸದ ಎರಡನೆಯ ಅಂಕೆ 2, 6, ಎ ಅಥವಾ ಇ ಆಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ, ಸ್ಥಳೀಯವಾಗಿ ಇಟ್ಟುಕೊಂಡದ್ದೆಂದು ಗುರುತಿಸಬಹುದು.

ನಾಲ್ಕನೆಯದು ಐಪಿ ಆರನೆಯ ಆವೃತ್ತಿಯ ಸಮಸ್ಯೆ. ಇದರಲ್ಲಿ ಒಂದು ಮನೆಯ ಒಂದು ಜಾಲಕ್ಕೆ ಸಾಮಾನ್ಯವಾಗಿ ಎರಡರ 64ನೆಯ ಘಾತದಷ್ಟು, ಎಂದರೆ ಸುಮಾರು 1.8 × 10ರ 19ನೆಯ ಘಾತದಷ್ಟು ವಿಳಾಸಗಳಿರುತ್ತವೆ. ಸೆಕೆಂಡಿಗೆ ಹತ್ತು ಲಕ್ಷದಂತೆ ಕೂಗುತ್ತ ಹೋದರೂ ಮುಗಿಸಲು ಸುಮಾರು 5.8 ಲಕ್ಷ ವರ್ಷ ಬೇಕು. ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಲಿ. ಒಂದೊಂದೇ ಮನೆಯ ಬಾಗಿಲು ತಟ್ಟುವ ವಿಧಾನ ಅಲ್ಲಿ ನಡೆಯದು.

ಈಗ ನಮ್ಮ ಮನೆಯ ದೋಷಕ್ಕೆ ಬರೋಣ. ಅಂದು ಮನೆಯಲ್ಲಿ ಎನ್‌ಮ್ಯಾಪ್ ಇದ್ದಿದ್ದರೆ ಏನಾಗುತ್ತಿತ್ತು? ಅದರ ಸಾಮಾನ್ಯ ಪಟ್ಟಿಯಲ್ಲಿ ಒಂದು ವಿಳಾಸಕ್ಕೆ ಒಂದು ಸಾಲು. 192.168.1.1 ಎಂಬ ಸಾಲು ಅಲ್ಲಿರುತ್ತಿತ್ತು. ಅದರ ಎದುರು ಒಂದು ಮ್ಯಾಕ್ ವಿಳಾಸವೂ ಇರುತ್ತಿತ್ತು. ಆ ಮ್ಯಾಕ್ ವಿಳಾಸ ಕೆಳಗಿನ ರೌಟರ್‌ನದಲ್ಲ ಎಂದು ಹೇಳಬೇಕಾದರೆ ಕೆಳಗಿನ ರೌಟರ್‌ನ ಮ್ಯಾಕ್ ವಿಳಾಸ ಯಾವುದೆಂದು ಮೊದಲೇ ಬರೆದಿಟ್ಟಿರಬೇಕು. ಅಳತೆಗೆ ಅರ್ಥ ಬರುವುದು ಹೋಲಿಸಲು ಇನ್ನೊಂದು ಸಂಖ್ಯೆ ಇದ್ದಾಗ. ಎನ್‌ಮ್ಯಾಪ್ ಬರೆದವರಿಗೆ ಇದು ಗೊತ್ತಿದೆ. ಎರಡು ಶೋಧಗಳ ವ್ಯತ್ಯಾಸ ತೋರಿಸುವ ಎನ್‌ಡಿಫ್ ಎಂಬ ಉಪಕರಣ, ಜಾಲದಲ್ಲಿ ವಿಳಾಸ ಹಂಚುವವರು ಯಾರೆಂದು ವಿಚಾರಿಸುವ ಒಂದು ಚಿಕ್ಕ ಲಿಪಿ ಇವೆರಡೂ ಅದರೊಂದಿಗೇ ಬರುತ್ತವೆ. ಇವು ಒಳ್ಳೆಯ ಮಾಪಕಗಳು. ಮಾಪಕವನ್ನು ದಾಖಲೆ ಪುಸ್ತಕವೆಂದು ತಿಳಿಯುವುದು ನಮ್ಮ ತಪ್ಪು.

ಚಿತ್ರ ಬರೆಯುವ ತಂತ್ರಾಂಶಗಳು

ಎರಡನೆಯ ಗುಂಪಿನವು ನಾವು ಹೇಳಿದ್ದನ್ನು ಬಿಡಿಸುತ್ತವೆ. ಕಚೇರಿಗಳಲ್ಲಿ ಪರಿಚಿತವಾದದ್ದು ವಿಸಿಯೊ. 2000ದಲ್ಲಿ ಮೈಕ್ರೋಸಾಫ್ಟ್ ಇದನ್ನು ಕೊಂಡುಕೊಂಡಿತು. ಚಿತ್ರಗಳು ಅಚ್ಚುಕಟ್ಟು, ಜಾಲದ ಚಿಹ್ನೆಗಳ ಸಂಗ್ರಹ ದೊಡ್ಡದು. ಆದರೆ ಹಣ ತೆರಬೇಕು. 2013ರ ಆವೃತ್ತಿಯಲ್ಲಿ ಅದರ ಕಡತದ ಸ್ವರೂಪವೂ ಬದಲಾಯಿತು. ಹಳೆಯ ಕಡತಗಳನ್ನು ತೆರೆಯುವ ದಾರಿಗಳಿದ್ದರೂ ಒಂದೇ ಕಂಪನಿಯ ಸ್ವರೂಪವನ್ನು ನೆಚ್ಚಿದ ದಾಖಲೆಯ ಆಯುಸ್ಸು ಆ ಕಂಪನಿಯ ಇಚ್ಛೆಗೆ ಬಿಟ್ಟದ್ದು ಎಂಬುದನ್ನು ಇದು ನೆನಪಿಸುತ್ತದೆ. ಒಂದು ಮನೆಗಾಗಿ ಅಥವಾ ಒಂದು ಪ್ರೌಢಶಾಲೆಗಾಗಿ ಇದನ್ನು ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಡ್ರಾ.ಐಒ ಉಚಿತ. ಬ್ರೌಸರ್‌ನಲ್ಲಿ ನಡೆಯುತ್ತದೆ, ಗಣಕದಲ್ಲಿ ಸ್ಥಾಪಿಸಿಕೊಂಡರೆ ಅಂತರಜಾಲವಿಲ್ಲದೆಯೂ ನಡೆಯುತ್ತದೆ. ನಮ್ಮ ಎರಡನೆಯ ಪ್ರಶ್ನೆಗೆ ಇದು ಮುಖ್ಯ. ಕಡತ ಎಕ್ಸ್‌ಎಂಎಲ್ ರೂಪದ್ದು. ಪಿಡಿಎಫ್, ಎಸ್‌ವಿಜಿ ರೂಪಗಳಿಗೂ ಬದಲಿಸಬಹುದು. ಕನ್ನಡದ ಹೆಸರುಗಳನ್ನೂ ಬರೆಯಬಹುದು. ‘ಅಟ್ಟ’, ‘ನಡುಮನೆ’, ‘ಮಹಡಿ’ ಎಂದೇ ಬರೆದ ನಕ್ಷೆ ಮನೆಯವರಿಗೆಲ್ಲ ಅರ್ಥವಾಗುತ್ತದೆ.

ಆದರೂ ಈ ಗುಂಪಿನ ತಂತ್ರಾಂಶಗಳಲ್ಲಿ ಒಂದು ಪ್ರಲೋಭನೆಯಿದೆ. ಚಿಹ್ನೆಗಳನ್ನು ಹುಡುಕಿ, ಬಣ್ಣ ತುಂಬಿ, ಗೆರೆ ನೇರ ಮಾಡುವುದರಲ್ಲಿ ನಾನು ಒಂದು ಭಾನುವಾರವನ್ನೆಲ್ಲ ಕಳೆದೆ. ಸಂಜೆ ನೋಡಿದರೆ ಯಾವ ಗೆರೆಯ ತುದಿಯಲ್ಲೂ ಪೋರ್ಟಿನ ಸಂಖ್ಯೆ ಇರಲಿಲ್ಲ! ಮಹಡಿಯ ರೌಟರ್‌ನ ಚಿತ್ರವಿತ್ತು. ಅದು ವಿಳಾಸ ಹಂಚಬಾರದು ಎಂಬ ಮಾತು ಇರಲಿಲ್ಲ. ಚಿತ್ರಕ್ಕೆ ತಾನು ಏನನ್ನು ತೋರಿಸುತ್ತಿದ್ದೇನೆಂಬ ಅರಿವಿಲ್ಲ. ಎರಡು ಪೆಟ್ಟಿಗೆಗಳ ಮೇಲೆ ಒಂದೇ ವಿಳಾಸ ಬರೆದರೂ ಅದು ಎಚ್ಚರಿಸುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಹೆಸರು, ಕೋಣೆ, ಪೋರ್ಟಿನ ಸಂಖ್ಯೆ ಇಷ್ಟೇ ಇರಲಿ. ವಿಳಾಸಗಳು ಬೇರೆ ಪಟ್ಟಿಯಲ್ಲಿರಲಿ. ಒಂದು ಸಂಗತಿಯನ್ನು ಎರಡು ಕಡೆ ಬರೆದರೆ ಎಂದಾದರೊಂದು ದಿನ ಅವೆರಡೂ ಬೇರೆ ಬೇರೆ ಮಾತಾಡುತ್ತವೆ.

ಚಿತ್ರವನ್ನು ಕೈಯಿಂದ ಬಿಡಿಸದೆ ಮಾತಿನಲ್ಲಿ ಬರೆದು ಪಡೆಯುವ ದಾರಿಯೂ ಇದೆ. ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಬೆಳೆದ ಗ್ರಾಫ್‌ವಿಜ್ ಇಂಥದು. ‘ರೌಟರ್‌ನಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಮಹಡಿಗೆ’ ಎಂದು ಅದರ ಭಾಷೆಯಲ್ಲಿ ಸಾಲುಸಾಲಾಗಿ ಬರೆದರೆ ಚಿತ್ರ ತಾನಾಗಿ ಬರುತ್ತದೆ. ಕಡತ ಬರಿಯ ಪಠ್ಯ. ಯಾವ ಗಣಕದಲ್ಲಾದರೂ, ಯಾವ ಕಾಲದಲ್ಲಾದರೂ ಓದಬಹುದು. ಕಳೆದ ವರ್ಷದ ಸಾಲುಗಳೊಂದಿಗೆ ಈ ವರ್ಷದವನ್ನು ಹೋಲಿಸಬಹುದು. ಮೂರನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಆದರೆ ಒಂದು ಹೊಸ ಸಾಧನ ಸೇರಿಸಿದರೆ ಇಡೀ ಚಿತ್ರದ ವಿನ್ಯಾಸ ಕದಲಬಹುದು. ಎಡಗಡೆಯಲ್ಲಿದ್ದ ಅಟ್ಟ ಬಲಕ್ಕೆ ಹೋಗುತ್ತದೆ. ನಕ್ಷೆ ನೋಡುವವರು ಸ್ಥಾನವನ್ನೂ ನೆನಪಿಟ್ಟುಕೊಂಡಿರುತ್ತಾರೆ. ಅವರಿಗೆ ಇದು ತೊಡಕು. ಕಾರ್ಯಕ್ರಮ ಬರೆಯುವ ಅಭ್ಯಾಸವಿರುವ ವಿದ್ಯಾರ್ಥಿಗಳಿಗೆ ಗ್ರಾಫ್‌ವಿಜ್ ಕಲಿಯಲು ಯೋಗ್ಯ. ಮನೆಯ ಗೋಡೆಗೆ ಅಂಟಿಸುವ ಚಿತ್ರಕ್ಕೆ ಅಲ್ಲ.

ದೊಡ್ಡ ದಾಖಲೆ ಭಂಡಾರಗಳು

ಮೂರನೆಯ ಗುಂಪು ದತ್ತಾಂಶ ಭಂಡಾರಗಳದು. ಇವುಗಳಲ್ಲಿ ಹೆಸರಾದದ್ದು ನೆಟ್‌ಬಾಕ್ಸ್. ಡಿಜಿಟಲ್‌ಓಷನ್ ಕಂಪನಿ ತನ್ನ ಒಳಬಳಕೆಗೆಂದು ರೂಪಿಸಿ 2016ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದದ್ದು ಇದು. ಕಪಾಟು, ಸಾಧನ, ಪೋರ್ಟು, ಕೇಬಲ್, ವಿಳಾಸ ಎಲ್ಲಕ್ಕೂ ಇಲ್ಲಿ ಪ್ರತ್ಯೇಕ ಸ್ಥಾನವಿದೆ. ಕೇಬಲ್‌ನ ಎರಡು ತುದಿಗಳನ್ನೂ ಹೇಳಬೇಕು. ಅರ್ಧ ಹೇಳಿ ಬಿಡುವಂತಿಲ್ಲ.

ಇದನ್ನು ರೂಪಿಸಿದವರ ಒಂದು ನಿಲುವು ನನಗೆ ಬಹಳ ಹಿಡಿಸಿತು. ಜಾಲ ಈ ಕ್ಷಣ ಹೇಗಿದೆ ಎಂಬುದಲ್ಲ, ಹೇಗಿರಬೇಕು ಎಂಬುದನ್ನೇ ನೆಟ್‌ಬಾಕ್ಸ್ ದಾಖಲಿಸಬೇಕು ಎನ್ನುವುದು ಅವರ ತತ್ತ್ವ. ಜಾಲವನ್ನು ಶೋಧಿಸಿ ಬಂದದ್ದನ್ನು ಯಂತ್ರದ ಮೂಲಕ ನೇರವಾಗಿ ಒಳಗೆ ಸುರಿಯಬೇಡಿ ಎಂದು ಅವರೇ ಎಚ್ಚರಿಸುತ್ತಾರೆ. ಸುರಿದರೆ ಜಾಲದಲ್ಲಿರುವ ತಪ್ಪೇ ದಾಖಲೆಯಲ್ಲೂ ಬಂದು ಕೂರುತ್ತದೆ. ಆಮೇಲೆ ತಪ್ಪನ್ನು ತಪ್ಪೆನ್ನಲು ಆಧಾರವೇ ಇರುವುದಿಲ್ಲ. ನಮ್ಮ ಮೊದಲ ಪ್ರಶ್ನೆಗೆ ಇಷ್ಟು ಸ್ಪಷ್ಟವಾಗಿ ಉತ್ತರಿಸಿದ ತಂತ್ರಾಂಶವನ್ನು ನಾನು ಬೇರೆ ನೋಡಲಿಲ್ಲ.

ಆದರೂ ಮನೆಗೆ ಇದು ಬೇಡ. ಅದನ್ನು ನಡೆಸಲು ಪೋಸ್ಟ್‌ಗ್ರೆಸ್ ಭಂಡಾರ, ರೆಡಿಸ್ ಮುಂತಾದವನ್ನು ಹೊತ್ತ, ಸದಾ ಚಾಲೂ ಇರುವ ಒಂದು ಗಣಕ ಬೇಕು. ಹದಿನೇಳು ಸಾಧನಗಳನ್ನು ದಾಖಲಿಸಲು ಹದಿನೆಂಟನೆಯದನ್ನು ತಂದಂತಾಯಿತು. ಅದೂ ಅದೇ ಜಾಲದ ಮೇಲಿರುತ್ತದೆ. ಜಾಲ ಕೆಟ್ಟ ದಿನ ದಾಖಲೆಯೂ ಕೈಗೆ ಸಿಗದು. ಅದನ್ನು ಕಾಲಕಾಲಕ್ಕೆ ನವೀಕರಿಸುವ ಹೊರೆ ಬೇರೆ. ನೂರಾರು ಗಣಕಗಳಿರುವ ಎಂಜಿನಿಯರಿಂಗ್ ಕಾಲೇಜು ಇದನ್ನು ಪರಿಗಣಿಸಲಿ. ಉಳಿದವರು ಅದರ ತತ್ತ್ವವನ್ನು ಎರವಲು ಪಡೆದರೆ ಸಾಕು.

ಸಾದಾ ಕೋಷ್ಟಕ

ಕೊನೆಗೆ ನಾನು ನಿಂತದ್ದು ಸ್ಪ್ರೆಡ್‌ಶೀಟ್‌ಗೆ. ಲಿಬ್ರೆಆಫೀಸ್ ಕ್ಯಾಲ್ಕ್ ಉಚಿತ. ಎಕ್ಸೆಲ್ ಇದ್ದವರಿಗೆ ಅದೂ ಆಗುತ್ತದೆ. ಒಂದು ಸಾಧನಕ್ಕೆ ಒಂದು ಸಾಲು. ಅಂಕಣಗಳು ಏಳು: ಹೆಸರು, ಇರುವ ಕೋಣೆ, ಮ್ಯಾಕ್ ವಿಳಾಸ, ಐಪಿ ವಿಳಾಸ, ಯಾವ ಪೆಟ್ಟಿಗೆಯ ಎಷ್ಟನೆಯ ಪೋರ್ಟು, ಪರಿಶೀಲಿಸಿದ ದಿನಾಂಕ, ಏಕೆ ಹೀಗೆ. ಇದನ್ನು ಸಿಎಸ್‌ವಿ ರೂಪದಲ್ಲೂ ಉಳಿಸಿದರೆ ಬರಿಯ ಪಠ್ಯವಾಗಿ ಎಷ್ಟು ಕಾಲವಾದರೂ ಓದಬಹುದು.

ಇವುಗಳಲ್ಲಿ ‘ಏಕೆ ಹೀಗೆ’ ಎಂಬ ಕೊನೆಯ ಅಂಕಣವನ್ನು ಯಾವ ಶೋಧಕವೂ ತುಂಬಲಾರದು. ಮಹಡಿಯ ರೌಟರ್‌ನ ಎದುರು ಈಗ ಹೀಗಿದೆ: ‘ವಿಳಾಸ ಹಂಚುವುದನ್ನು ನಿಲ್ಲಿಸಿದೆ. ತನ್ನ ವಿಳಾಸ 192.168.1.2. ಮೂಲ ಸ್ಥಿತಿಗೆ ತಂದರೆ ಮನೆಯ ಸಂಪರ್ಕವೆಲ್ಲ ಕೆಡುತ್ತದೆ. ತರಲೇಬೇಕಾದರೆ ಮೊದಲು ಕೇಬಲ್ ಕೀಳಿ.’ ಈ ನಾಲ್ಕು ವಾಕ್ಯಗಳಿದ್ದಿದ್ದರೆ ಮಗ ಪಿನ್ನು ಚುಚ್ಚುತ್ತಿರಲಿಲ್ಲ.

ಕೋಷ್ಟಕಕ್ಕೂ ದೋಷಗಳಿವೆ. ಜೋಡಣೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಒಂದು ಪುಟದ ಚಿತ್ರ ಬೇಕು. ತಪ್ಪು ತುಂಬಿದರೆ ತಾನಾಗಿ ಹೇಳುವುದಿಲ್ಲ. ಅದಕ್ಕೆ ಆರು ತಿಂಗಳಿಗೊಮ್ಮೆ ಶೋಧಕ ಓಡಿಸಿ ಹೋಲಿಸಬೇಕು. ವ್ಯತ್ಯಾಸ ಕಂಡಾಗ ಕೋಷ್ಟಕವನ್ನು ಕಣ್ಣುಮುಚ್ಚಿ ತಿದ್ದಬಾರದು. ತಪ್ಪಿರುವುದು ದಾಖಲೆಯಲ್ಲೋ ಜಾಲದಲ್ಲೋ ಎಂದು ಮೊದಲು ಕೇಳಬೇಕು.

ಹೀಗಾಗಿ ನನ್ನ ಆಯ್ಕೆ ಮೂರರ ಕೂಟ: ದಾಖಲೆಗೆ ಕ್ಯಾಲ್ಕ್, ಚಿತ್ರಕ್ಕೆ ಗಣಕದಲ್ಲಿ ಸ್ಥಾಪಿಸಿದ ಡ್ರಾ.ಐಒ, ತಾಳೆ ನೋಡಲು ಎನ್‌ಮ್ಯಾಪ್. ಖರ್ಚು ಇಲ್ಲ. ಮುಗಿದ ಮೇಲೆ ಚಿತ್ರವನ್ನೂ ಪಟ್ಟಿಯನ್ನೂ ಮುದ್ರಿಸಿ ಮುಖ್ಯ ರೌಟರ್‌ನ ಪಕ್ಕದ ಗೋಡೆಗೆ ಅಂಟಿಸಬೇಕು. ಪ್ರತಿ ಕೇಬಲ್‌ನ ಎರಡು ತುದಿಗೂ ಒಂದೇ ಸಂಖ್ಯೆಯ ಚೀಟಿ ಸುತ್ತಬೇಕು.

ನಡೆದು ನೋಡದೆ ನಕ್ಷೆಯಿಲ್ಲ

ಚೀಟಿ ಸುತ್ತಲು ಕೇಬಲ್ ಹಿಡಿದು ಹೋಗುವಾಗ ಒಂದು ಸಂಗತಿ ಕಂಡಿತು. ಓದುವ ಕೋಣೆಯ ಕೇಬಲ್ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸಬೇಕಾದದ್ದು. ಸ್ವಿಚ್‌ನ ದೀಪದ ಬಣ್ಣ ಅದು 100ರಲ್ಲೇ ನಡೆಯುತ್ತಿದೆ ಎಂದು ಹೇಳುತ್ತಿತ್ತು. ಸಾವಿರದ ವೇಗಕ್ಕೆ ಕೇಬಲ್‌ನೊಳಗಿನ ನಾಲ್ಕು ಜೋಡಿ ತಂತಿಗಳೂ ಬೇಕು. ನೂರಕ್ಕೆ ಎರಡು ಜೋಡಿ ಸಾಕು. ತುದಿಯ ಪ್ಲಗ್‌ನಲ್ಲಿ ಒಂದು ತಂತಿ ಸಡಿಲವಾಗಿತ್ತು. ನಾನು ಬಳಸಿದ ಯಾವ ನಕ್ಷೆಯ ತಂತ್ರಾಂಶವೂ ಇದನ್ನು ಹೇಳಿರಲಿಲ್ಲ. ವರ್ಷಗಳಿಂದ ‘ಈ ಕೋಣೆಯಲ್ಲಿ ಸ್ವಲ್ಪ ನಿಧಾನ’ ಎಂದು ಸುಮ್ಮನಿದ್ದೆವು.

ಎಲ್ಲ ಮುಗಿದ ಮೇಲೆ ನಾಲ್ಕನೆಯ ಪ್ರಶ್ನೆಯ ಪರೀಕ್ಷೆ ನಡೆಸಿದೆ. ಕಾಲೇಜಿನಿಂದ ಮನೆಗೆ ಫೋನ್ ಮಾಡಿ, “ಗೋಡೆಯ ಮೇಲಿನ ಚಿತ್ರ ನೋಡಿ ಮಹಡಿಯ ರೌಟರ್‌ನ ವೈರು ಮಾತ್ರ ಕೀಳು” ಎಂದು ಮಗಳಿಗೆ ಹೇಳಿದೆ. ಎರಡು ನಿಮಿಷ ಕಳೆದು, “ಅಪ್ಪಾ, ಚಿತ್ರದಲ್ಲಿ ನಾಲ್ಕನೇ ಪೋರ್ಟ್ ಅಂತ ಇದೆ. ಆದರೆ ಆ ಚೀಟಿಯ ವೈರು ಮೂರನೇದರಲ್ಲಿ ಇದೆ” ಎಂದಳು. ತಪ್ಪು ನನ್ನದು. ಚೀಟಿ ಸುತ್ತುವಾಗ ಕೇಬಲ್ ಕಿತ್ತು ಬೇರೆ ಪೋರ್ಟಿಗೆ ಚುಚ್ಚಿದ್ದೆ. ಆದರೂ ಚೀಟಿಯ ಸಂಖ್ಯೆ ಸರಿಯಿದ್ದುದರಿಂದ ಅವಳು ಸರಿಯಾದ ಕೇಬಲನ್ನೇ ಕಿತ್ತಿದ್ದಳು. ಅಂದೇ ಚಿತ್ರ ತಿದ್ದಿದೆ. ಬರೆದವನೇ ಪರೀಕ್ಷಿಸಿದ್ದರೆ ಈ ತಪ್ಪು ಸಿಗುತ್ತಿರಲಿಲ್ಲ.

ಕೆಲವು ಎಚ್ಚರಿಕೆಗಳು

ಸಂಕೇತಪದಗಳನ್ನು ನಕ್ಷೆಯಲ್ಲಾಗಲಿ ಗೋಡೆಯ ಮೇಲಾಗಲಿ ಬರೆಯಬಾರದು. ಬೇರೆ ಕಾಗದದಲ್ಲಿ ಬರೆದು ಮನೆಯ ಮುಖ್ಯ ಕಾಗದಪತ್ರಗಳೊಂದಿಗೆ ಇಡಿ. ಅದು ಎಲ್ಲಿದೆ ಎಂಬುದನ್ನು ಮನೆಯ ಇನ್ನೊಬ್ಬರಿಗಾದರೂ ತಿಳಿಸಿ. ಮನೆಯ ಕ್ಯಾಮೆರಾ ಎಲ್ಲಿದೆ, ಯಾವ ಸಾಧನಗಳಿವೆ ಎಂಬುದನ್ನೆಲ್ಲ ಹೇಳುವ ನಕ್ಷೆಯನ್ನು ಪರರ ಸರ್ವರ್‌ನಲ್ಲಿ ಇಡುವ ಮುನ್ನ ಯೋಚಿಸಿ. ಉಚಿತ ಶೋಧಕ ಆಪ್ ಸ್ಥಾಪಿಸುವಾಗ ಅದು ಕಂಡದ್ದನ್ನು ಎಲ್ಲಿಗೆ ಕಳಿಸುತ್ತದೆಂದು ಓದಿ ನೋಡಿ.

ಶೋಧಕವನ್ನು ನಿಮ್ಮ ಜಾಲದಲ್ಲಿ ಮಾತ್ರ ಬಳಸಿ. ಒಡೆಯರ ಅನುಮತಿಯಿಲ್ಲದೆ ಬೇರೆಯವರ ಗಣಕವನ್ನಾಗಲಿ ಜಾಲವನ್ನಾಗಲಿ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಕಾಲೇಜಿನಲ್ಲಿ ಪ್ರಯೋಗ ಮಾಡಿಸುವ ಶಿಕ್ಷಕರು ಪ್ರಾಂಶುಪಾಲರಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯುವುದು ಒಳ್ಳೆಯದು.

ತರಗತಿಗೊಂದು ಚಟುವಟಿಕೆ

ನಿಮ್ಮ ಪ್ರಯೋಗಾಲಯದ ಜಾಲವನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳನ್ನು ಎರಡು ತಂಡ ಮಾಡಿ. ಒಂದು ತಂಡ ಗಣಕದ ಮುಂದೆ ಕುಳಿತು ಶೋಧಕದಿಂದ ಪಟ್ಟಿ ತಯಾರಿಸಲಿ. ಇನ್ನೊಂದು ತಂಡ ಗಣಕ ಮುಟ್ಟದೆ, ಕಾಗದ ಪೆನ್ಸಿಲ್ ಹಿಡಿದು ಕೇಬಲ್‌ಗಳ ಜಾಡಿನಲ್ಲಿ ನಡೆದು ಚಿತ್ರ ಬರೆಯಲಿ. ಅನಂತರ ಎರಡನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದವುಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕಾರಣ ಕೇಳಿ. ಸ್ವಿಚ್ ಏಕೆ ಮೊದಲ ಪಟ್ಟಿಯಲ್ಲಿಲ್ಲ? ಯಾರದೋ ಜೇಬಿನ ಮೊಬೈಲ್ ಏಕೆ ಎರಡನೆಯ ಚಿತ್ರದಲ್ಲಿಲ್ಲ? ಕೊನೆಗೆ ಮೂರನೆಯ ತಂಡವೊಂದಕ್ಕೆ ಆ ದಾಖಲೆಯನ್ನಷ್ಟೇ ಕೊಟ್ಟು, ಇಂಥ ಕೇಬಲ್ ಕೀಳಿ ಎಂದು ಹೇಳಿ ನೋಡಿ. ಅವರು ತಡವರಿಸಿದ ಜಾಗದಲ್ಲೇ ದಾಖಲೆಯನ್ನು ತಿದ್ದಬೇಕು.